ಅರಿಶಿನ ಕೊಂಬಿನ ನೆರಳು

ಕಳೆದ ವರ್ಷ ಸಂಕ್ರಾಂತಿಯ ಬಳಿಕದ ಮೊದಲ ಭಾನುವಾರ ಮುಂಬಯಿ ಪಕ್ಕದ ಮುಂಬ್ರಾದ ಗುಡ್ಡದ ಬುಡದಲ್ಲಿರುವ ಒಂದು ಚಾಳಿನಲ್ಲಿ, ಕೂಲಿಕಾರರ ಸಾಲುಮನೆಗಳಲ್ಲಿ, ಕ್ಷಯರೋಗ ತಪಾಸಣೆ ನಡೆಯಿತು. ಗಂಡಸರು ಎಕ್ಸ್‌ರೇ ತೆಗೆಸಿಕೊಂಡರು. ಹೆಂಗಸರು ಸಾಲಿನಲ್ಲಿ ನಿಂತು, ಸರದಿ ಬಂದಾಗ ತಿರುಗಿ ಮನೆಗೆ ಹೋದರು.

ಶಿಬಿರ ನಡೆಸಿದ ಡಾಕ್ಟರು ಉಡುಪಿ ಕಡೆಯ ಮಹಿಳೆ. ಠಾಣೆಯ ಕೋಪರಿಯಲ್ಲಿ ಅವರ ಸಣ್ಣ ದವಾಖಾನೆ. ಕ್ಷಯವನ್ನು ಹೊಸ ರೀತಿಯಲ್ಲಿ ಪತ್ತೆ ಮಾಡುವ ಯೋಜನೆಗಳಿಗೆ ಹೊರದೇಶದ ಒಂದು ನಿಧಿ ಅನುದಾನ ಕೊಡುತ್ತದೆಂದು ತಿಳಿದು ಅವರು ಅರ್ಜಿ ಹಾಕಿದ್ದರು. ಅದರ ಭಾಷೆ ತಿದ್ದಿದವನು ನಾನು. ಮುಂಬಯಿಯ ಕನ್ನಡ ಪತ್ರಿಕೆಯೊಂದರ ಡೆಸ್ಕಿನಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿದ್ದೆ. ವರದಿ ಬರೆಯುವ ಕೆಲಸವೂ ನನಗೇ ಬಂತು. ಅನುದಾನದಿಂದ ಕೈಯಲ್ಲಿ ಹಿಡಿಯಬಹುದಾದ, ದೊಡ್ಡ ಕ್ಯಾಮೆರಾದಷ್ಟಿರುವ ಎಕ್ಸ್‌ರೇ ಯಂತ್ರ ಬಂತು. ಚಿತ್ರವನ್ನು ಕಂಪ್ಯೂಟರೇ ಓದುತ್ತದೆ. ಶ್ವಾಸಕೋಶದಲ್ಲಿ ಅನುಮಾನದ ನೆರಳು ಕಂಡರೆ ಕೆಂಪು ಚೌಕ ಹಾಕುತ್ತದೆ.

ಕರಾರು ಸರಳವಾಗಿತ್ತು. ಮೊದಲ ಹಂತದ ಫಲ ನೋಡಿ ಎರಡನೇ ಹಂತ ಮಂಜೂರು. ಆಗದಿದ್ದರೆ ಯಂತ್ರ ವಾಪಸು. ದಿವಾ, ಮುಂಬ್ರಾ, ಅಂಬರನಾಥದ ಕೂಲಿಕಾರರು ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುವವರಲ್ಲ. ಯಂತ್ರ ಅವರ ಬಾಗಿಲಿಗೆ ಹೋಗುವುದು ನಿಂತರೆ ತಪಾಸಣೆಯೂ ನಿಂತಂತೆ. ಯಂತ್ರ ಉಳಿಯಬೇಕು ಎಂಬುದೊಂದೇ ಡಾಕ್ಟರ ಚಿಂತೆ.

ಹೆಂಗಸರು ತಿರುಗಿ ಹೋದದ್ದಕ್ಕೆ ಕಾರಣ ತಾಳಿ. ಎದೆಯ ಮೇಲೆ ಚಿನ್ನ, ಕರಿಮಣಿ ಇದ್ದರೆ ಚಿತ್ರದಲ್ಲಿ ಅವೇ ಅಡ್ಡ ಬರುತ್ತವೆ. ಅದನ್ನು ತೆಗೆದಿಡಿ ಎಂದು ಡಾಕ್ಟರು ಹೇಳಿದೊಡನೆ ಮುಕಾದಮ್ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಕಲಬುರಗಿ ಕಡೆಯವಳು. ಇಟ್ಟಿಗೆ ಹೊರುವ ಹೆಂಗಸರ ಗುಂಪು ಕಟ್ಟಿಕೊಂಡು ಕೆಲಸಕ್ಕೆ ಕರೆದೊಯ್ಯುವವಳು. ಅವಳು ಹೂಂ ಎಂದರೆ ಚಾಳು ಹೂಂ ಎನ್ನುತ್ತದೆ.

"ತಾಳಿ ಬಿಚ್ಚು ಅಂತೀರಲ್ಲ ಡಾಕ್ಟರಬಾಯಿ, ನನ್ನ ಗಂಡ ಇನ್ನಾ ಗಟ್ಟಿ ಅದಾನ. ಅಲ್ಲಿ ನೋಡ್ರಿ, ಬೀಡಿ ಸೇದ್ಕೋತ ಕುಂತಾನ."

"ಎರಡೇ ನಿಮಿಷ ಅಲ್ವಾ ಅಕ್ಕ, ಮತ್ತೆ ಹಾಕ್ಕೊಳ್ಳಿ," ಎಂದರು ಡಾಕ್ಟರು.

"ಆ ಎರಡು ನಿಮಿಷದಾಗೇ ಅವ ಹೋಗಿಬಿಟ್ರ?"

ಸಾಲು ಗೊಳ್ಳೆಂದಿತು. ಗಂಡನೂ ನಕ್ಕ, ಬೀಡಿ ಮಾತ್ರ ಆರಿಸಿದ. ನಕ್ಕವರೆಲ್ಲ ಮನೆಗೆ ಹೋದರು.

ಸಂಜೆ ಡಾಕ್ಟರು ನಮ್ಮಲ್ಲಿಗೆ ಬಂದರು. ನನ್ನ ಹೆಂಡತಿ ವಿಜಯಪುರದವಳು. ರೊಟ್ಟಿ ಬಡಿಯುತ್ತಲೇ ಕಥೆ ಕೇಳಿಸಿಕೊಂಡಳು.

"ತಾಳಿ ದಾರ ಹರದ್ರ ಪೋಣಿಸಾಕ ಕೊಡ್ತಾರಿಲ್ಲೋ? ಅಲ್ಲೀ ಮಟ ಬರೇ ಕೊಳ್ಳಾಗ ಕುಂದರತಾರೇನು? ದಾರಕ್ಕ ಅರಿಷಿಣ ಕೊಂಬು ಕಟ್ಟಿ ಹಾಕ್ಕೊಂತಾರ. ಅದೂ ತಾಳಿನ. ಯಾವ ಅತ್ತೀನೂ ಬಾಯಿ ತಗಿಯಂಗಿಲ್ಲ."

"ಹೌದಾ! ಇದು ಮೊದಲೇ ಹೊಳೀಲಿಲ್ಲ ನೋಡಿ ಮಾರಾಯ್ರೆ," ಎಂದು ಡಾಕ್ಟರು ಅವಳ ಹಿಟ್ಟಿನ ಕೈಯನ್ನೇ ಹಿಡಿದುಕೊಂಡರು. "ಅರಿಶಿನ ಲೋಹ ಅಲ್ಲ. ಚಿತ್ರದಲ್ಲಿ ಏನೂ ತೊಂದರೆ ಆಗ್ಲಿಕ್ಕಿಲ್ಲ."

ಹೆಂಡತಿ ಕಲ್ಯಾಣದ ಮಾರುಕಟ್ಟೆಗೆ ಹೋಗಿ ದಪ್ಪ ಕೊಂಬುಗಳನ್ನೇ ಆರಿಸಿ ತಂದಳು. ಸಣಕಲು ಕೊಂಬು ಕಟ್ಟಿಕೊಟ್ಟರೆ ಜನ ಆಡಿಕೊಳ್ಳುತ್ತಾರೆ ಎಂಬುದು ಅವಳ ವಾದ. ದಾರವನ್ನು ತಾಳಿಯಷ್ಟೇ ಉದ್ದ ಬಿಟ್ಟಳು.

ಮುಂದಿನ ಭಾನುವಾರ ಹೆಂಗಸರು ನಿಂತರು. ಮೊದಲು ಕೊಂಬಿನ ದಾರ ಕಟ್ಟಿಕೊಂಡು, ಆಮೇಲೆ ತಾಳಿ ತೆಗೆದು ಪಕ್ಕದವಳ ಕೈಗೆ ಕೊಟ್ಟು, ಸೀರೆ ಅಡ್ಡ ಕಟ್ಟಿದ್ದ ಮರೆಗೆ ಹೋಗುವುದು. ಮುಕಾದಮ್ ಬಾಯಿಯೇ ಮೊದಲು ಹೋದಳು. ಹೊರಗಿನಿಂದ ಗಂಡ ಕೂಗಿದ, "ಏ, ನಾ ಇನ್ನಾ ಎಷ್ಟೊತ್ತು ಜೀವಂತ ಇರಬೇಕು?"

"ಸುಮ್ನ ಕುಂದ್ರು, ಉಸಿರು ಹಿಡಿ ಅಂದಾರ!"

ಆದರೆ ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೆ ಒಂದು ಕೆಂಪು ಚೌಕ ಬೀಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ಬಹುತೇಕ ಎಲ್ಲ ಹೆಂಗಸರ ಎದೆಯಲ್ಲೂ ಅನುಮಾನದ ನೆರಳು. ಸಾಲಿನ ನಗು ನಿಂತಿತು. ಕಫ ಪರೀಕ್ಷೆಯ ಡಬ್ಬಿಗಳು ಮುಗಿದವು. ಎಷ್ಟು ಚಿತ್ರ, ಎಷ್ಟು ಅನುಮಾನ ಎಂಬ ಲೆಕ್ಕ ನಿಧಿಯ ಕಚೇರಿಗೆ ತಾನಾಗಿ ಹೋಗುತ್ತದೆ. ನಾವು ಕೋಪರಿಗೆ ಮರಳುವಷ್ಟರಲ್ಲಿ ಅಲ್ಲಿಯ ಅಧಿಕಾರಿ ಕರೆ ಮಾಡಿ ಅಭಿನಂದಿಸಿದರು. ಬೇರಾವ ಊರಿನಲ್ಲೂ ಇಷ್ಟು ಪತ್ತೆಯಾಗಿಲ್ಲ, ಎರಡನೇ ಹಂತ ಇನ್ನು ಕಷ್ಟವಲ್ಲ ಎಂದರು.

ಯಂತ್ರ ನೋಡಿಕೊಳ್ಳುವ ತಂತ್ರಜ್ಞನ ಹೆತ್ತವರು ರಾಯಚೂರಿನವರು, ಅವನು ಹುಟ್ಟಿದ್ದು ಕಲ್ಯಾಣದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಚಹಾ ಕುಡಿಯುತ್ತ ಚಿತ್ರಗಳನ್ನು ಸರಿಸುತ್ತಿದ್ದವನು, "ಮ್ಯಾಡಮ್, ಸಬ್‌ಕಾ ಟಿಬಿ ಏಕ್ ಹೀ ಜಗಹ ಪೇ ಕೈಸೇ?" ಎಂದ.

ಎಲ್ಲರದೂ ಒಂದೇ ಜಾಗದಲ್ಲಿ ಹೇಗೆ? ಡಾಕ್ಟರು ಒಂದು ಚಿತ್ರವನ್ನು ದೊಡ್ಡದು ಮಾಡಿದರು. ಚಾಳಿನ ಬಿಸಿಲಿನಲ್ಲಿ ಕಾಣದಿದ್ದದ್ದು ಇಲ್ಲಿ ಕಂಡಿತು. ನೆರಳಿಗೆ ಗಂಟುಗಳಿದ್ದವು, ಪಕ್ಕಕ್ಕೊಂದು ಕವಲು ಕೂಡ ಇತ್ತು.

"ಅಯ್ಯೋ ದೇವರೇ, ಇದು ಅರಿಶಿನ ಕೊಂಬು!"

ಒಣಗಿ ಗಟ್ಟಿಯಾದ ದಪ್ಪ ಕೊಂಬು ಶ್ವಾಸಕೋಶದ ಮೇಲೆ ನೆರಳು ಚೆಲ್ಲಿತ್ತು. ಕಂಪ್ಯೂಟರು ಅದನ್ನು ಗಡ್ಡೆಯೆಂದು ಓದಿತ್ತು. ನಾವು ಮೂವರೂ ನಕ್ಕೆವು. ಮೊದಲು ನಗು ನಿಲ್ಲಿಸಿದವರು ಡಾಕ್ಟರು.

"ನಿಧಿಯವರು ಆ ಲೆಕ್ಕ ನೋಡಿಯೇ ಖುಷಿಯಾದದ್ದು. ಈಗ ಅದು ಇಳಿದ್ರೆ ಯಂತ್ರ ಉಳಿಯುವುದು ಡೌಟು."

"ಪತ್ರಿಕೆಯಲ್ಲಾದರೆ ಮರುದಿನವೇ ತಿದ್ದುಪಡಿ ಹಾಕುತ್ತೇವೆ," ಎಂದೆ.

"ಗೊತ್ತುಂಟು. ಮರುದಿನದವರೆಗೆ ಯಾಕೆ? ಅಲ್ಲಿ ಹೆಂಗಸರು ಹೆದರಿ ಕೂತಿದ್ದಾರೆ."

ಮೊದಲ ಫೋನು ಮುಕಾದಮ್ ಬಾಯಿಗೆ ಹೋಯಿತು. ಡಾಕ್ಟರು ವಿಷಯ ಹೇಳಿ ಮುಗಿಸುವುದರೊಳಗೆ ಅವಳು ಬಾಯಿ ಹಾಕಿದಳು.

"ಅಂದ್ರ ಟಿಬಿ ಬಂದದ್ದು ಅರಿಷಿಣಕ್ಕ? ಅದಕ್ಕ ಗುಳಿಗಿ ಕೊಡ್ರಿ ಹಂಗಾರ!"

ಎರಡನೇ ಕರೆ ಅಧಿಕಾರಿಗೆ, ಮರುದಿನ ನಮ್ಮ ಮನೆಯಿಂದ, ವಿಡಿಯೊದಲ್ಲಿ. ಡಾಕ್ಟರು ಇದ್ದದ್ದನ್ನು ಇದ್ದಂತೆ ಹೇಳಿದರು. ಆ ವಸ್ತು ನೋಡಬೇಕೆಂದು ಅವರು ಕೇಳಿದಾಗ ನನ್ನ ಹೆಂಡತಿ ಉಳಿದ ಕೊಂಬುಗಳಲ್ಲಿ ಒಂದನ್ನು ಪರದೆಯ ಮುಂದೆ ಹಿಡಿದಳು. ಅಧಿಕಾರಿ ಬಹಳ ಹೊತ್ತು ನಕ್ಕರು. ಆಮೇಲೆ, ಆ ದಿನದ ಲೆಕ್ಕ ರದ್ದಾಗುತ್ತದೆ, ಹೊಸ ಲೆಕ್ಕ ನೋಡಿ ಸಮಿತಿ ತೀರ್ಮಾನಿಸುತ್ತದೆ, ತಾನು ಭರವಸೆ ಕೊಡಲಾರೆ ಎಂದರು.

"ನಾ ದಪ್ಪ ಕೊಂಬು ತರಬಾರದಾಗಿತ್ತು," ಎಂದಳು ಹೆಂಡತಿ.

"ನೀವು ತರದಿದ್ರೆ ಯಾರೂ ಬರ್ತಲೇ ಇರ್ಲಿಲ್ಲ. ದಾರ ಗಿಡ್ಡ ಮಾಡಿ, ಸಾಕು," ಎಂದರು ಡಾಕ್ಟರು.

ಮೂರನೇ ಭಾನುವಾರ ದಾರಗಳು ಗಿಡ್ಡವಾಗಿದ್ದವು. ಕೊಂಬು ಗಂಟಲ ಕುಳಿಯಲ್ಲೇ ನಿಂತಿತು, ಶ್ವಾಸಕೋಶದ ದಾರಿಗೆ ಬರಲಿಲ್ಲ. ಎಲ್ಲರ ಚಿತ್ರ ಮತ್ತೆ ತೆಗೆದದ್ದಾಯಿತು. ಕೆಂಪು ಚೌಕಗಳು ಹೋದವು. ಒಂದು ಹೋಗಲಿಲ್ಲ. ಅದು ಮುಕಾದಮ್ ಬಾಯಿಯದು.

"ಇನ್ನೊಮ್ಮೆ ತಗೀರಿ. ನನ್ನ ಕೊಂಬು ಜಿಗದಿರಬೇಕು."

ಇನ್ನೊಮ್ಮೆ ತೆಗೆದರು. ನೆರಳು ಎಡಗಡೆ ಮೇಲ್ಭಾಗದಲ್ಲಿತ್ತು, ಅದಕ್ಕೆ ಗಂಟೂ ಇರಲಿಲ್ಲ, ಕವಲೂ ಇರಲಿಲ್ಲ. ಕಫ ಪರೀಕ್ಷೆ ಕ್ಷಯವೆಂದೇ ಹೇಳಿತು. ಆ ವಾರವೇ ಸರಕಾರಿ ಔಷಧ ಶುರುವಾಯಿತು. ಕೆಲವು ವಾರಗಳ ನಂತರ ಡಾಕ್ಟರು ಅನುಮತಿ ಕೊಟ್ಟ ಮೇಲೆ ಅವಳು ದಿವಾದ ಕೆಲಸದ ಜಾಗಗಳಿಗೆ ಹೋಗಿ ಬೇರೆ ಗುಂಪುಗಳ ಹೆಂಗಸರನ್ನು ಗದರಿಸತೊಡಗಿದಳು.

"ನನಗ ಕೆಮ್ಮಿಲ್ಲ, ಜ್ವರ ಇಲ್ಲ, ಆದ್ರೂ ಸಿಕ್ತು. ನೀವೇನು ಮ್ಯಾಲಿಂದ ಇಳದು ಬಂದೀರೇನು? ನಡೀರಿ!"

ಶಿಬಿರಗಳು ತುಂಬತೊಡಗಿದವು. ಮೊದಲ ಹಂತದ ವರದಿಯಲ್ಲಿ ಕೊಂಬಿನ ಪ್ರಸಂಗಕ್ಕೆ ಒಂದು ಪ್ಯಾರಾ ಕೊಟ್ಟೆ. ತೆಗೆದುಬಿಡೋಣವೇ ಎಂದು ಕೇಳಿದಾಗ ಡಾಕ್ಟರು ಬೇಡ ಎಂದರು.

ಗಣೇಶ ಚೌತಿಯ ವಾರ ಸಮಿತಿಯ ಉತ್ತರ ಬಂತು. ಎರಡನೇ ಹಂತ ಮಂಜೂರಾಗಿತ್ತು. ಯಂತ್ರ ಇನ್ನೂ ಒಂದು ವರ್ಷ ಇಲ್ಲಿರುತ್ತದೆ ಎಂದಾಯಿತು. ಮುಕಾದಮ್ ಬಾಯಿಯ ಚಿಕಿತ್ಸೆ ಅಷ್ಟರೊಳಗೆ ಮುಗಿದಿತ್ತು, ಕಫದಲ್ಲಿ ರೋಗಾಣು ಕಾಣಲಿಲ್ಲ. ಕಳೆದ ಭಾನುವಾರ ತಪಾಸಣೆ ನಡೆದದ್ದು ಅಂಬರನಾಥದಲ್ಲಿ, ಕಾರ್ಖಾನೆಗಳ ಹಿಂದಿನ ವಸತಿಯಲ್ಲಿ. ಹೆಂಗಸರ ಸಾಲನ್ನು ಅವಳೇ ನೋಡಿಕೊಂಡಳು.