ಮೇಲಿನ ಕನ್ನಡಿಗೆ ತೋರಿಸಿದ ಕೈ

ಕ್ಯಾರವಾನ್ ಹೋಟೆಲಿನ ಬಾಗಿಲಲ್ಲಿ ಸಿಮೆಂಟಿನ ಒಂಟೆಯೊಂದು ನಿಂತಿತ್ತು. ನಮ್ಮ ಲಾಸ್ ವೇಗಸ್ಸಿನ ಜುಲೈ ಎಂಥದೆಂದರೆ, ಮಧ್ಯಾಹ್ನ ಆ ಒಂಟೆಯೇ ನೆರಳು ಹುಡುಕಿಕೊಂಡು ಹಿತ್ತಲಿಗೆ ಹೋಗಿ ಸಂಜೆ ವಾಪಸ್ಸು ಬಂದು ನಿಲ್ಲುತ್ತಿತ್ತು. ಕಣ್ಣಾರೆ ನೋಡಿದ್ದೇನೆ. ಜೂಜಿಗೆ ಒಳಗೆ ಹೋಗುವವರು ಅದೃಷ್ಟಕ್ಕೆಂದು ಅದರ ಮೂಗು ಸವರುತ್ತಿದ್ದರು, ಹೊರಗೆ ಬರುವಾಗ ಅದೇ ಮೂಗಿಗೆ ಗುದ್ದುತ್ತಿದ್ದರು. ಸವೆದೂ ಸವೆದೂ ಒಂಟೆಯ ಮುಖ ಕುರಿಯ ಹಾಗಾಗಿತ್ತು.

ಆ ಹೋಟೆಲಿನ ದೊಡ್ಡ ಫಲಕಕ್ಕೆ ಬಲ್ಬು ಹಾಕುವ ಕೆಲಸ ನನ್ನದು. ಈ ತುದಿಯಿಂದ ಹಾಕುತ್ತ ಆ ತುದಿ ಮುಟ್ಟುವಷ್ಟರಲ್ಲಿ ಮೊದಲಿನವು ಸುಟ್ಟಿರುತ್ತಿದ್ದವು. ನನ್ನ ಮದುವೆ, ಮಕ್ಕಳ ಹುಟ್ಟು ಎಲ್ಲ ನಾನು ಏಣಿಯ ಮೇಲಿರುವಾಗಲೇ ಆಗಿಹೋದವು. ಐವತ್ತರ ದಶಕದಲ್ಲಿ ಸರ್ಕಾರ ಮರುಭೂಮಿಯಲ್ಲಿ ಅಣುಬಾಂಬು ಸಿಡಿಸುತ್ತಿದ್ದಾಗ ನಮ್ಮ ಅತಿಥಿಗಳು ಮಾಳಿಗೆಯ ಮೇಲೆ ಗ್ಲಾಸು ಹಿಡಿದುಕೊಂಡು ಬೆಳಕು ನೋಡುತ್ತಿದ್ದರು. ಬಾಂಬಿಗೂ ಕಿಟಕಿ ಅಲ್ಲಾಡದಿದ್ದ ಕಟ್ಟಡ ಅದು. ತೊಂಬತ್ತಾರರಲ್ಲಿ ಅದನ್ನು ಬೀಳಿಸುವುದೆಂದು ನಿಶ್ಚಯವಾಯಿತು. ಕೆಡವಿದ ಜಾಗದಲ್ಲಿ ಇನ್ನೂ ದೊಡ್ಡದು ಬರಬೇಕಂತೆ. ಬಾಗಿಲು ಹಾಕಿದ ಮೇಲೆ ಖಾಲಿ ಹೋಟೆಲಿಗೆ ಕಾವಲುಗಾರನಾಗಿ ಉಳಿದವನು ನಾನೊಬ್ಬನೇ, ಒಂಟೆಯನ್ನು ಬಿಟ್ಟರೆ.

ನಾನು ಹೇಳಹೊರಟಿದ್ದು ಲೆನೋರಾ ಹ್ಯಾಸ್ಕೆಟ್‌ಳ ವಿಷಯ.

ನಮ್ಮ ಬೀದಿಯ ದೊಡ್ಡ ಹೋಟೆಲುಗಳಲ್ಲಿ ಮೊದಲು ಇಸ್ಪೀಟು ಹಂಚುವುದಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಎಪ್ಪತ್ತರ ಆಚೀಚೆ ಬಿಟ್ಟಾಗ ಕ್ಯಾರವಾನ್‌ನಲ್ಲಿ ಮೊದಲು ಮೇಜಿನ ಹಿಂದೆ ನಿಂತವಳು ಲೆನೋರಾ. ಅವಳು ಎಲ್ಲಿ ತಪ್ಪುತ್ತಾಳೋ ಎಂದು ಮೇಲ್ವಿಚಾರಕರೆಲ್ಲ ಸುತ್ತ ಕಾಯುತ್ತಿದ್ದರು. ಅದಕ್ಕೇ ಅವಳು ಮುಖವನ್ನು ಕಲ್ಲು ಮಾಡಿಕೊಂಡಳು. ಗೆದ್ದವನು ಕುಣಿದರೂ ಸೋತವನು ಅತ್ತರೂ ಹುಬ್ಬು ಅಲುಗಿಸಿದವಳಲ್ಲ. ಒಮ್ಮೆ ಅವಳ ಮೂಗಿನ ಮೇಲೆ ಕೂತ ನೊಣ ಅಲ್ಲೇ ಸಂಸಾರ ಮಾಡಿ, ಮುಪ್ಪಾಗಿ ಸತ್ತಿತು. ಇದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಇಸ್ಪೀಟು ಹಂಚುವ ಡೀಲರುಗಳ ಉಡುಪಿನ ಜೇಬುಗಳನ್ನು ಹೊಲಿದುಬಿಡುತ್ತಾರೆ. ಅವರು ಮೇಜು ಬಿಟ್ಟು ಹೋಗುವಾಗ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಯನ್ನು ಮೇಲಕ್ಕೆ ತಿರುಗಿಸಿ ತೋರಿಸಬೇಕು. ಏನನ್ನೂ ಕದ್ದಿಲ್ಲ ಎಂದು ಮೇಲಿನವನಿಗೆ ಲೆಕ್ಕ ಒಪ್ಪಿಸುವ ರೀತಿ ಅದು. ಮೇಲಿನವನೆಂದರೆ ದೇವರಲ್ಲ. ಆಗಿನ್ನೂ ಕ್ಯಾಮೆರಾ ಬಂದಿರಲಿಲ್ಲ. ಜೂಜಿನ ಹಜಾರದ ಸೂರು ಪೂರ್ತಿ ಕನ್ನಡಿ. ಕೆಳಗಿನವರಿಗೆ ಅದು ಕನ್ನಡಿ, ಮೇಲಿನವರಿಗೆ ಕಿಟಕಿ. ಅದರ ಹಿಂದಿನ ಕತ್ತಲಲ್ಲಿ ಹಲಗೆ ಹಾಸಿದ ಓಣಿಗಳು, ಆ ಹಲಗೆಯ ಮೇಲೆ ದುರ್ಬೀನು ಹಿಡಿದು ಬೋರಲಾಗಿ ಮಲಗಿರುವ ಕಾವಲಿನವರು. ಅವರಿಗೂ ಡೀಲರುಗಳಿಗೂ ಮಾತುಕತೆ ಕೂಡದು, ಒಬ್ಬರ ಗುರುತು ಒಬ್ಬರಿಗೆ ಇರಬಾರದು.

ಲೆನೋರಾಳ ಮೇಜಿನ ನೆತ್ತಿಗೆ ಸರಿಯಾಗಿ ಆ ಹಲಗೆಯ ಮೇಲೆ ಮಲಗುತ್ತಿದ್ದವನು ಕ್ಲೋವಿಸ್. ಅವನು ಅವಳನ್ನು ಹೇಗೆ ಮದುವೆಯಾದ ಎನ್ನುವ ಕತೆಯನ್ನು ಪ್ರತಿ ನವೆಂಬರಿನ ಹಬ್ಬದೂಟದಲ್ಲೂ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ ಕೊಯ್ಯುತ್ತ ನಮಗೆಲ್ಲ ಹೇಳುತ್ತಿದ್ದ. "ನೋಡ್ರಪ್ಪಾ, ಆ ದಿನ ಇವಳು ಒಂದೇ ಒಂದ್ಸಲ ನಕ್ಕಳು. ಮೇಲೆ ನನ್ನ ಕೈಯಿಂದ ದುರ್ಬೀನು ಜಾರಿ ಗಾಜಿನ ಮೇಲೆ ಬಿತ್ತು! ಮಾರನೇ ದಿನವೇ ಆ ಕೆಲಸ ಬಿಟ್ಟು ಇವಳನ್ನ ಕೇಳ್ದೆ." ಲೆನೋರಾ ಪ್ರತಿಸಲವೂ, "ಕೋಳಿ ಆರಿಹೋಗ್ತಿದೆ, ಕೊಯ್ಯಿ," ಎನ್ನುತ್ತಿದ್ದಳು. ಆಮೇಲೆ ಅವನು ಅದೇ ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ ಕೆಲಸಕ್ಕೆ ಸೇರಿ ಕೊನೆಯವರೆಗೂ ಬಿಸಿಲಲ್ಲಿ ನಿಂತ.

ಹೋಟೆಲು ಮುಚ್ಚುವ ವರ್ಷವೇ ಕ್ಲೋವಿಸ್ ಹೋದ. ಮಣ್ಣು ಮಾಡಿದ ದಿನ ಲೆನೋರಾ ಅಳಲಿಲ್ಲ. ಹಿಡಿ ಮಣ್ಣು ಹಾಕಿದಳು. ಹಾಕಿ, ಒಮ್ಮೆ ಚಪ್ಪಾಳೆ ತಟ್ಟಿ, ಅಂಗೈ ಎರಡನ್ನೂ ಆಕಾಶಕ್ಕೆ ತಿರುಗಿಸಿ ಪಕ್ಕಕ್ಕೆ ಸರಿದಳು. ನಮ್ಮೂರಿನವರು ಯಾರೂ ಅದನ್ನು ಗಮನಿಸಲೇ ಇಲ್ಲ. ಕಾನ್ಸಾಸಿನಿಂದ ಬಂದಿದ್ದ ಕ್ಲೋವಿಸ್‌ನ ಅಕ್ಕ ವರ್ಡೀನ್ ಮಾತ್ರ ನೆಟ್ಟಗೆ ಅವಳ ಬಳಿ ಬಂದಳು.

"ಏನಮ್ಮಾ ಅದು? ನನ್ನ ತಮ್ಮನ ಗುಂಡಿ ಮುಂದೆ ಕೈ ಕೊಡವಿಕೊಂಡೆಯಲ್ಲ, ಪೀಡೆ ತೊಲಗ್ತು ಅಂತಲಾ?"

"ಅಭ್ಯಾಸ," ಎಂದಳು ಲೆನೋರಾ.

"ಒಂದು ಹನಿ ಕಣ್ಣೀರಿಲ್ಲ. ನಿನ್ನ ಮುಖ ನೋಡಿ ಅವನು ಅದೇನು ಕಂಡನೋ!"

ಆ ಮಾತು ಲೆನೋರಾಳೊಳಗೆ ಕೂತುಬಿಟ್ಟಿತು. ಒಂದು ವಾರ ಕಳೆದ ಮೇಲೆ, ಮಟಮಟ ಮಧ್ಯಾಹ್ನ, ಬೀಗ ಹಾಕಿದ ಹೋಟೆಲಿನ ಮುಂದೆ ಬಂದು ನಿಂತಳು. ಎಲ್ಲರೂ ಮಾಡುವಂತೆ ಒಂಟೆಯ ಮೂಗು ಸವರಲೂ ಇಲ್ಲ.

"ಬ್ಯಾಸ್ಕಮ್, ನನ್ನ ಮೇಲಕ್ಕೆ ಬಿಡು," ಎಂದಳು ನನಗೆ.

"ಎಲ್ಲಿಗೆ? ಸ್ವರ್ಗಕ್ಕಾ? ಆ ಬೀಗದಕೈ ನನ್ನ ಹತ್ತಿರ ಇಲ್ಲ ಕಣೆ."

"ಕನ್ನಡಿ ಮೇಲಕ್ಕೆ. ಅವನು ಮಲಗ್ತಿದ್ದ ಜಾಗಕ್ಕೆ."

"ಇವತ್ತು ಬೀಳತ್ತೋ ನಾಳೆ ಬೀಳತ್ತೋ ಅನ್ನೋ ಸೂರು ಅದು. ನಿನ್ನ ಮಂಡಿ ನೋಡಿದ್ರೆ ನನ್ನ ಅಜ್ಜಿ ಮಂಡಿಗಿಂತ ಹಳೇದು. ಯಾಕೆ ಬೇಕು?"

ಅವಳು ಹವಾಮಾನ ಹೇಳುವವಳ ಧ್ವನಿಯಲ್ಲಿ ಹೇಳಿದಳು. "ಅವನು ಹೋದ ಮೇಲೆ ನಂಗೆ ಏನೂ ಅನ್ನಿಸ್ತಾ ಇಲ್ಲ. ಹಲ್ಲು ಕೀಳೋ ಮುಂಚೆ ಮರಗಟ್ಟಿಸ್ತಾರಲ್ಲ, ಹಾಗಿದೆ. ಅವನದು ಅಂತ ಉಳಿದಿರೋದು ಆ ಕತೆ ಒಂದೇ. ನಾನು ನಕ್ಕಿದ್ದು, ಅವನು ನೋಡಿದ್ದು. ಈ ಕಟ್ಟಡ ಬೀಳೋದ್ರೊಳಗೆ ಅದು ನಿಜವಾ ಅಂತ ತಿಳೀಬೇಕು. ಅಷ್ಟೆ."

"ನೀನೇ ನಕ್ಕವಳು, ನಿಂಗೇ ಗೊತ್ತಿಲ್ವಾ?"

"ನಂಗೆ ನೆನಪಿಲ್ಲ."

ಅಡಿಗೆಮನೆಯ ಹಿಂದಿನ ಕಬ್ಬಿಣದ ಏಣಿ ತೋರಿಸಿದೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತಗೊಂಡು ಹತ್ತಿದಳು. ಆ ಹೊತ್ತಿನಲ್ಲಿ ಬೀದಿಯಲ್ಲಿ ಇನ್ನೆರಡು ಹೋಟೆಲು ಕಟ್ಟಿ ಮುಗಿಸಿರಬೇಕು. ಕರೆಂಟು ಕಡಿದಿದ್ದರಿಂದ ನಾನು ಜನರೇಟರಿಗೆ ಜೋಡಿಸಿದ ದೀಪವೊಂದನ್ನು ಕೆಳಗಿನ ಹಜಾರಕ್ಕೆ ಎಳೆದುಕೊಂಡು ಹೋದೆ. ಮೇಜುಗಳೆಲ್ಲ ಹರಾಜಾಗಿದ್ದವು. ಕೆಂಪು ಜಮಖಾನೆಯ ಮೇಲೆ ಅವುಗಳ ಕಾಲಿನ ಗುಳಿ ಮಾತ್ರ ಉಳಿದಿತ್ತು. ಲೆನೋರಾಳ ಮೇಜಿನ ಗುಳಿ ಹುಡುಕಿ, ಅದರ ಹಿಂದೆ ಅವಳ ಜಾಗದಲ್ಲಿ ನಿಂತೆ. ತಲೆಯೆತ್ತಿದರೆ ಧೂಳು ಹಿಡಿದ ಕನ್ನಡಿಯಲ್ಲಿ ನನ್ನದೇ ಮೋರೆ.

"ನೋಡ್ಬೇಡ ಮೇಲೆ," ಎಂದು ಅವಳ ದನಿ ಬಂತು. "ಡೀಲರು ಮೇಲೆ ನೋಡಲ್ಲ. ಎಲೆ ಹಂಚೋ ಹಾಗೆ ನಿಂತ್ಕೋ."

ನಿಂತುಕೊಂಡೆ.

"ನಗು."

ನಕ್ಕೆ.

"ನಗು ಅಂದ್ನಲ್ಲ!"

"ನಗ್ತಾನೇ ಇದೀನಿ ಮಾರಾಯ್ತಿ! ಕಟ್ಟಿಸಿಕೊಂಡ ಹಲ್ಲು ಕೆಳಗೆ ಬೀಳೋ ಹಾಗಿದೆ!"

ಮೇಲೆ ಹಲಗೆ ಕಿರುಗುಟ್ಟಿತು. ಆಮೇಲೆ, "ಬರೀ ಬೋಳುತಲೆ ಕಾಣ್ತಿದೆ, ಬ್ಯಾಸ್ಕಮ್. ಬೋಳು, ಮೂಗಿನ ತುದಿ. ಬಾಯಿ ಕಾಣಲ್ಲ."

"ನನ್ನ ಬೋಳು ಅಡ್ಡ ಬಂದಿರಬೇಕು. ಅದರ ಹೊಳಪಿಗೆ ವಿಮಾನದವರೇ ದಾರಿ ತಪ್ಪುತ್ತಾರೆ."

"ಕೂದಲಿದ್ದಿದ್ರೆ ಕೂದಲು ಕಾಣ್ತಿತ್ತು."

ನಾನು ಬಾಯಿ ಬಿಟ್ಟರೆ ಸುಳ್ಳು ಬರುತ್ತದೆಂದು ಅವಳಿಗೂ ಗೊತ್ತು, ಅದಕ್ಕೇ ತಾನೇ ಏಣಿ ಹತ್ತಿದ್ದಳು. ದೀಪದ ಹುಳ ಗುಂಯ್ ಎನ್ನುತ್ತಿತ್ತು. "ಕೈ ತೋರಿಸು," ಎಂದಳು.

ಚಪ್ಪಾಳೆ ತಟ್ಟಿ ಅಂಗೈ ಮೇಲೆ ಮಾಡಿದೆ.

"ಅದು ಕಾಣತ್ತೆ," ಎಂದಳು. "ಗೆರೆ ಗೆರೆ ಕಾಣತ್ತೆ."

ಇಳಿದು ಬಂದಾಗ ಅವಳ ಅಂಗಿಯ ಮುಂಭಾಗವೆಲ್ಲ ಧೂಳು. ಅಲ್ಲೇ ಜಮಖಾನೆಯ ಮೇಲೆ ಕೂತಳು. ಫ್ಲಾಸ್ಕಿನ ಕಾಫಿ ಕೊಟ್ಟೆ, ಹಿಡಿದುಕೊಂಡಳು, ಕುಡಿಯಲಿಲ್ಲ.

"ಗಾಜಿನಲ್ಲಿ ಒಂದು ಬಿರುಕಿದೆ," ಎಂದಳು. "ಜೇಡರ ಬಲೆ ಥರ. ಮೇಲೆ ಹಳೇ ಟೇಪು ಅಂಟಿಸಿದಾರೆ."

"ಹಾಗಾದ್ರೆ ದುರ್ಬೀನು ಬಿದ್ದದ್ದು ನಿಜ!"

"ಬಿದ್ದದ್ದು ನಿಜ. ನಗು ನೋಡಿ ಬಿದ್ದದ್ದಲ್ಲ."

"ತೂಕಡಿಸಿರಬೇಕು ಬಿಡು. ಮೇಲಿದ್ದವರಲ್ಲಿ ಅರ್ಧ ಜನ ಗೊರಕೆ ಹೊಡೀತಿದ್ರು. ಗೊರಕೆಗೆ ಕೆಳಗೆ ಇಸ್ಪೀಟೆಲೆ ಹಾರಿಹೋಗಿದ್ದು ನಾನೇ ನೋಡಿದೀನಿ."

ಅವಳು ನಗಲಿಲ್ಲ. ಲೋಟ ಕೆಳಗಿಟ್ಟು, ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು, ಬೇರೆ ಯಾರದೋ ಸಾಮಾನು ಮರೆತು ತಂದವಳ ಹಾಗೆ.

"ಅವನು ನೋಡಿರೋದು ಇವನ್ನೇ," ಎಂದಳು. "ದಿನಾ ನಾನು ಮೇಜು ಬಿಡೋವಾಗೆಲ್ಲ. ಕೈ ನೋಡಿ ಮದುವೆಯಾದೆ ಅಂತ ಕೋಳಿ ಕೊಯ್ತಾ ಹೇಳಿದ್ರೆ ಯಾರಾದ್ರೂ ಕೇಳ್ತಾರಾ? ಅದಕ್ಕೆ ನಗು ಸೇರಿಸಿದಾನೆ."

"ಬೇಜಾರಾಯ್ತಾ?"

ತನ್ನೊಳಗೇ ಹುಡುಕಿ ನೋಡಿದಳು. "ಇಲ್ಲ," ಎಂದಳು. "ಏನೂ ಆಗ್ಲಿಲ್ಲ. ಆದ್ರೆ ತಿಳೀತು."

ಬೀಳಿಸುವ ದಿನ ಬೆಳಗ್ಗೆ ಊರಿಗೆ ಊರೇ ರಸ್ತೆಯಾಚೆ ಸೇರಿತ್ತು. ನಮ್ಮಲ್ಲಿ ಹೋಟೆಲಿನ ಸಾವಿಗೂ ವಾದ್ಯ, ಷಾಂಪೇನು, ಡೋನಟ್ಟು. ಒಂಟೆಯನ್ನು ಅರಿಜೋನಾದ ಕಾರು ಮಾರುವವನೊಬ್ಬ ಕೊಂಡುಹೋಗಿದ್ದ. ವರ್ಡೀನ್ ಕೂಡ ಬಂದಿದ್ದಳು, ತನ್ನ ತಮ್ಮ ಬಿಸಿಲಲ್ಲಿ ನಿಲ್ಲುತ್ತಿದ್ದ ಜಾಗ ಕೊನೆಯ ಸಲ ನೋಡಬೇಕೆಂದು. ಲೆನೋರಾಳಿಂದ ಮಾರು ದೂರದಲ್ಲಿ ನಿಂತಿದ್ದಳು.

ಢಮಢಮ ಎಂದಿತು. ಕ್ಯಾರವಾನ್ ಒಂದು ಕ್ಷಣ ಏನೂ ಆಗದವರಂತೆ ನಿಂತಿದ್ದು, ಮಂಡಿ ಸೋತವರ ಹಾಗೆ ಕುಸಿಯಿತು. ಜನ ಕೂಗಿ ಚಪ್ಪಾಳೆ ಹೊಡೆದರು. ಲೆನೋರಾ ಒಂದೇ ಒಂದು ಚಪ್ಪಾಳೆ ತಟ್ಟಿ ಅಂಗೈಗಳನ್ನು ಮೇಲೆ ತಿರುಗಿಸಿದಳು. ಮೇಜು ಬಿಡುವಾಗಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಈ ಸಲ ಇಳಿಸಲಿಲ್ಲ.

ವರ್ಡೀನ್ ನನ್ನ ತೋಳು ಜಗ್ಗಿದಳು. "ಮತ್ತೆ ಅದೇ ಮಾಡ್ತಿದಾಳಲ್ಲ, ಏನದು?"

"ಕ್ಲೋವಿಸ್‌ಗೆ ತೋರಿಸ್ತಿದಾಳೆ," ಎಂದೆ. "ಅವನು ಕಂಡದ್ದು ಅದನ್ನೇ."

ನನ್ನ ಮಾತನ್ನು ಯಾರೂ ನಂಬುವುದಿಲ್ಲ. ವರ್ಡೀನ್ ನಂಬಿದಳೋ ಇಲ್ಲವೋ, ಅಂತೂ ಒಂದೆರಡು ಹೆಜ್ಜೆ ಹತ್ತಿರ ಬಂದು ನಿಂತಳು.

ಗಾಳಿ ನಮ್ಮ ಕಡೆ ತಿರುಗಿತು. ಹಳೆಯ ಹೋಟೆಲಿನ ಧೂಳು ಕಾರುಗಳ ಮೇಲೆ, ಡೋನಟ್ಟುಗಳ ಮೇಲೆ, ಲೆನೋರಾಳ ಅಂಗೈಗಳ ಮೇಲೆ ಬೂದಿಯಂತೆ ಇಳಿಯಿತು. ಅವಳ ಮುಖ ಎಂದಿನಂತೆಯೇ ಇತ್ತು.

"ಒರೆಸ್ಕೊಳೆ, ಕೈಯೆಲ್ಲ ಧೂಳು," ಎಂದೆ.

"ಇರ್ಲಿ," ಎಂದಳು. "ಇನ್ನೂ ನೋಡ್ತಿರಬಹುದು."