ಅರ್ಧ ಹೋಳು ಅಡಿಕೆ

ಕಥೆ ತಾನಾಗಿಯೇ ಬರೆಸಿಕೊಂಡು ಹೋಯಿತು ಎನ್ನುವ ಲೇಖಕರನ್ನು ಕಂಡರೆ ಆಗ ನನಗೆ ನಗು ಬರುತ್ತಿತ್ತು. ಕಂಡದ್ದಕ್ಕೆ ನಾಲ್ಕು ಸುಳ್ಳು ಸೇರಿಸಿದರೆ ಕಥೆ, ಅದರಲ್ಲೇನು ಪವಾಡ ಎಂಬುದು ನನ್ನ ವಾದ. ಈಗ ಅಷ್ಟು ಜೋರಾಗಿ ವಾದಿಸುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಕಡೆಯಿಂದ ಬಂದು ಸಿದ್ದಾಪುರದಲ್ಲಿ ಮಾಸ್ತರನಾಗಿದ್ದೆ. ಶಾಲೆಗೆ ಸೇರದ ಮಕ್ಕಳ ಪಟ್ಟಿ ಮಾಡಲು ನಿಲ್ಕುಂದದ ಕಡೆ ಹೋದವನು ಒಂದು ಮನೆಯ ಜಗುಲಿಯಲ್ಲಿ ಕೂತೆ. ಹೆಂಗಸೊಬ್ಬರು ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಒಂದು ಮಾತೂ ಆಡಲಿಲ್ಲ. ನನ್ನ ಅನುಭವ ಅಷ್ಟೇ.

ಅದನ್ನೇ ಹಿಗ್ಗಿಸಿ ಕಥೆ ಬರೆದೆ. ಅವರ ಗಂಡ ಎಲೆಯಡಿಕೆಯ ಕವಳ ಹಾಕಲು ಕೂತವನು, ಅಡಿಕೆ ಕತ್ತರಿಸಿ ಒಂದು ಹೋಳು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ, ಮತ್ತೆ ಮನೆಗೆ ಬರಲಿಲ್ಲ. ಆ ಹೋಳನ್ನು ಆಕೆ ಜೋಪಾನವಾಗಿಟ್ಟಳು. ಅವನು ಈಗ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಬಡಿಸುತ್ತಿದ್ದಾನೆ. ಊರು, ಜಗುಲಿ ಬಿಟ್ಟರೆ ಎಲ್ಲವೂ ಶುದ್ಧ ಕಟ್ಟುಕಥೆ. ದೀಪಾವಳಿ ಸಂಚಿಕೆಯೊಂದರಲ್ಲಿ ಅಚ್ಚಾದಾಗ ನಾನು ಬೀಗಿದ್ದೇ ಬೀಗಿದ್ದು.

ತಿಂಗಳೊಳಗೆ ಆ ಹೆಂಗಸು ಶಾಲೆಗೇ ನಡೆದು ಬಂದರು. ನೆಂಟರು ಯಾರೋ ಕಥೆ ಓದಿ ಹೇಳಿದ್ದರಂತೆ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಒಣಗಿ ಕಪ್ಪಾದ ಅರ್ಧ ಹೋಳು ಅಡಿಕೆ.

"ಇದನ್ನ ಆನು ಯಾರಿಗೂ ತೋರ್ಸಿದ್ನಿಲ್ಲೆ. ನಮ್ಮನೆಯವು ನಿಂಗಕ್ಕೆ ಎಲ್ಲಿ ಸಿಕ್ಕಿದ್ದು?"

ಕಲ್ಪಿಸಿ ಬರೆದದ್ದು ಎಂದೆ. ಅವರು ನಂಬಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಅವರ ಗಂಡ ನಿಜವಾಗಿಯೇ ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷ ತುಂಬುವುದರಲ್ಲಿತ್ತಂತೆ. ಅಷ್ಟು ಕಾಲ ಸುದ್ದಿಯಿಲ್ಲದವರು ಸತ್ತರೆಂದೇ ತಿಳಿದು, ದರ್ಭೆಯ ಪ್ರತಿಮೆ ಮಾಡಿ ಸುಡುವ ಪದ್ಧತಿ. ಮನೆಯವರು ದಿನವನ್ನೂ ಗೊತ್ತು ಮಾಡಿದ್ದರು. ಅದು ಮುಗಿದರೆ ಇವರ ಕುಂಕುಮ, ತಾಳಿ ಎರಡೂ ಹೋಗುತ್ತಿದ್ದವು.

"ಇದ್ರೆ ಇದ್ದ ಹೇಳಿ. ಇಲ್ದಿದ್ರೆ ಇಲ್ಲೆ ಹೇಳಿ ಮಾಸ್ತರ್ರೆ."

ನಾನು ಹೇಳಿದ ಒಂದು ಸುಳ್ಳು ನಿಜವಾಗಿ ಮೇಜಿನ ಮೇಲೆ ಕೂತಿತ್ತು. ಇನ್ನೊಂದನ್ನು ಸುಳ್ಳೆನ್ನಲು ನಾಲಿಗೆ ಏಳಲಿಲ್ಲ. "ಸುಡಬ್ಯಾಡ್ರಿ ಅಕ್ಕಾರ. ಮೊದ್ಲ ಹುಬ್ಬಳ್ಳ್ಯಾಗ ಹುಡುಕಸ್ರಿ" ಎಂದುಬಿಟ್ಟೆ.

ಸಂಸ್ಕಾರ ನಿಂತಿತೆಂದು ಆಮೇಲೆ ಕೇಳಿದೆ. ಆ ಬೇಸಿಗೆಯಲ್ಲೇ ನನಗೆ ವರ್ಗವಾಯಿತು, ಗಂಡ ಸಿಕ್ಕಿದನೋ ಇಲ್ಲವೋ ತಿಳಿಯಲಿಲ್ಲ. ನೀವು ಕಾಕತಾಳೀಯ ಎನ್ನಬಹುದು, ನಾನೂ ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಆದರೂ ಆ ಹೋಳು ನನ್ನ ಕಥೆಯೊಳಗೆ ಹೇಗೆ ಬಂತೆಂಬುದು ಇವತ್ತಿಗೂ ಬಗೆಹರಿದಿಲ್ಲ. ಹುಬ್ಬಳ್ಳಿಗೆ ಆಮೇಲೆ ಹತ್ತಾರು ಬಾರಿ ಹೋಗಿದ್ದೇನೆ. ಅಲ್ಲಿನ ಖಾನಾವಳಿಯಲ್ಲಿ ಮಾತ್ರ ಒಮ್ಮೆಯೂ ಊಟಕ್ಕೆ ಕೂತಿಲ್ಲ.