ಸೆನ್ಸೇ ಕೇಳಿದ ಪ್ರಶ್ನೆ

ಉರಿಬೇಸಿಗೆಯಲ್ಲೂ ಅವರು ಕೊರಳಿಗೆ ರೇಷ್ಮೆಯ ಸ್ಕಾರ್ಫ್ ಸುತ್ತಿಕೊಂಡೇ ಇರುತ್ತಿದ್ದರು. ಕಿವಿಯ ಹಿಂದಿನಿಂದ ಬೆವರಿಳಿದು ಅದರ ಅಂಚು ಒದ್ದೆಯಾದರೂ ಬಿಚ್ಚುತ್ತಿರಲಿಲ್ಲ. ತಣ್ಣೀರು ಮುಟ್ಟುತ್ತಿರಲಿಲ್ಲ. ಫ್ಲಾಸ್ಕಿನಲ್ಲಿ ಸದಾ ಶುಂಠಿ ಹಾಕಿದ ಬಿಸಿನೀರು. ಯಾಕೆ ಎಂದು ಕೇಳಿದರೆ, "ಗಂಟಲು ನನ್ನ ಅನ್ನ" ಎಂದು ನಗುತ್ತಿದ್ದರು.

ನನಗೆ ಜಪಾನಿ ಕಲಿಸಿದ ಹಿರಿಯ ಹೆಂಗಸು ಅವರು. ನನ್ನ ಗಂಡ ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಗೆ ಬಂದ ಹೊಸದರಲ್ಲಿ, ಮನೆಯಲ್ಲಿ ಕೂತು ಬೇಜಾರಾಗಿ ನಾನು ಬಡಾವಣೆಯ ಉಚಿತ ಭಾಷಾ ತರಗತಿಗೆ ಸೇರಿದ್ದೆ. ಗುರುಗಳನ್ನು ಇಲ್ಲಿ ಸೆನ್ಸೇ ಎನ್ನುತ್ತಾರೆ. ಅವರಿಗೆ ಕಲಿಸುವುದು ಹವ್ಯಾಸವಷ್ಟೇ. ಕಸುಬು ಬೇರೆ: ಚುನಾವಣೆ ಬಂದಾಗ ಪಕ್ಷದ ಪ್ರಚಾರದ ಕಾರಿನಲ್ಲಿ ಕೂತು, ಕಿಟಕಿಯಿಂದ ಬಿಳಿ ಗ್ಲೌಸಿನ ಕೈ ಬೀಸುತ್ತಾ, ಮೈಕಿನಲ್ಲಿ ಅಭ್ಯರ್ಥಿಯ ಪರವಾಗಿ ಮಾತಾಡುವುದು. ಹರೆಯದಿಂದಲೂ ಅವರದೇ ದನಿ. ಊರಿನ ಮುದುಕರು ಆ ದನಿ ಕೇಳಿಯೇ ಚುನಾವಣೆ ಬಂತು ಎಂದುಕೊಳ್ಳುತ್ತಿದ್ದರಂತೆ.

ಅವರು ಕಲಿಸಿದ ಜಪಾನಿಯೂ ಹಾಗೇ ಇತ್ತು. ಕೊಂಬಿನಿ ಎಂಬ ಮೂಲೆಯಂಗಡಿಯಲ್ಲಿ ಹಾಲು ಕೊಳ್ಳುವಾಗಲೂ ನಾನು "ತಮ್ಮ ಹೃತ್ಪೂರ್ವಕ ಸಹಕಾರವನ್ನು ಕೋರುತ್ತೇನೆ" ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದೆ. ಗಲ್ಲಾದ ಹೆಂಗಸು ಗಾಬರಿಯಾಗಿ ಬಗ್ಗಿ ನಮಸ್ಕರಿಸುತ್ತಿದ್ದಳು.

"ನೀನು ಹಾಲು ತರೋಕೆ ಹೋಗಿದ್ಯಾ, ಓಟು ಕೇಳೋಕೆ ಹೋಗಿದ್ಯಾ?" ಎಂದು ನನ್ನ ಗಂಡ ರೇಗಿಸುತ್ತಿದ್ದರು.

ಒಮ್ಮೆ ನಗರಸಭೆಯ ಚುನಾವಣೆಯ ಸಮಯದಲ್ಲಿ ಸೇತುವೆಯ ಮೇಲೆ ಅವರ ಕಾರಿಗೆ ಎದುರು ಪಕ್ಷದ ಕಾರು ಅಡ್ಡ ಬಂತು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಕಾದು ನಿಂತೆ. ಸೆನ್ಸೇ ಎದುರಾಳಿಯ ಹೆಸರಿಗೆ ಗೌರವದ 'ಸಾನ್' ಸೇರಿಸಿ, "ನಿಮ್ಮ ಹೋರಾಟಕ್ಕೂ ಒಳ್ಳೆಯದಾಗಲಿ" ಎಂದು ಮೈಕಿನಲ್ಲೇ ಹಾರೈಸಿದರು. ಆ ಕಾರಿನಿಂದಲೂ ಅದೇ ಹಾರೈಕೆ ಬಂತು. ಅದು ಇಲ್ಲಿನ ರೂಢಿ. ಬೆಂಗಳೂರಿನ ಚುನಾವಣೆಗಳನ್ನು ಕಂಡ ನನಗೆ ಕಣ್ಣು ತುಂಬಿತ್ತು. ಆ ಸಲ ಅವರು ದನಿಯಾಗಿದ್ದದ್ದು ನಮ್ಮ ಬೀದಿಯಲ್ಲಿ ಊಟವನ್ನು ಡಬ್ಬಿಗೆ ತುಂಬಿ ಮಾರುವ ಅಂಗಡಿಯ ಹೆಂಗಸಿಗೆ. ಆಕೆ ಗೆದ್ದು ನಗರಸಭೆ ಸದಸ್ಯೆಯಾದಳು. ಇಬ್ಬರೂ ಅಕ್ಕತಂಗಿಯರಂತೆ ಇದ್ದರು.

ಆಮೇಲೆ ಕೊರೊನಾ ಬಂತು. ತರಗತಿ ಮುಚ್ಚಿತು. ಸೆನ್ಸೇ ಮಾತ್ರ ಮಾಸ್ಕ್ ಹಾಕಿಕೊಂಡು ಹೊಳೆದಂಡೆಯ ಬೆಂಚಿನ ಆ ತುದಿಯಲ್ಲಿ ಕೂತು, ಈ ತುದಿಯಲ್ಲಿದ್ದ ನನಗೆ ಪಾಠ ಹೇಳುತ್ತಿದ್ದರು.

ಅದೇ ಸಮಯದಲ್ಲಿ ಸೆನ್ಸೇಯ ಪಕ್ಷದ ಹಿರಿಯ ಶಾಸಕರು ನಿವೃತ್ತರಾದರು. ಅವರ ಜಾಗಕ್ಕೆ ಯಾರು ನಿಲ್ಲಬೇಕೆಂದು ಪಕ್ಷದ ಸದಸ್ಯರೇ ಅಂಚೆಯಲ್ಲಿ ಮತ ಹಾಕಿ ಆರಿಸಬೇಕಿತ್ತು. ಒಂದು ಕಡೆ ಶಾಸಕರ ಕಾರ್ಯದರ್ಶಿ, ಇನ್ನೊಂದು ಕಡೆ ಡಬ್ಬಿ ಅಂಗಡಿಯ ಹೆಂಗಸು. ಸಭೆ ಸೇರುವಂತಿರಲಿಲ್ಲವಾಗಿ ಎಲ್ಲ ಪ್ರಚಾರವೂ ಫೋನಿನಲ್ಲಿ. ಪಕ್ಷದ ಕಚೇರಿಯನ್ನು ಹಿಡಿದಿದ್ದವರು ಕಾರ್ಯದರ್ಶಿಯ ಕಡೆಯವರು. ಅವರು ಸೆನ್ಸೇಯನ್ನು ಕರೆಸಿ, ಸದಸ್ಯರಿಗೆಲ್ಲ ಫೋನ್ ಮಾಡಿ ಒಂದು ಮಾತು ಕೇಳಬೇಕೆಂದರು: "ಆ ಅಂಗಡಿಯವರ ಮನೆಯಲ್ಲಿ ಕೊರೊನಾ ಬಂದದ್ದನ್ನು ಮುಚ್ಚಿಟ್ಟು ಊಟ ಮಾರಿದರಂತೆ, ನಿಮಗೇನಾದರೂ ಗೊತ್ತೇ?"

ಸೆನ್ಸೇ ಕೇಳಿದರು. ಒಂದು ಮಧ್ಯಾಹ್ನವಿಡೀ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದರು.

ಆ ಮನೆಯಲ್ಲಿ ಯಾರಿಗೂ ಕೊರೊನಾ ಬಂದೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಂಗಡಿಯ ಮುಂದಿನ ಗಿರಾಕಿಗಳ ಸಾಲು ಕರಗಿಹೋಗಿತ್ತು. ಯಾರೋ ಶಟರಿಗೆ "ಊರು ಬಿಡಿ" ಎಂದು ಬರೆದು ಅಂಟಿಸಿದ್ದರು.

"ಕಚೇರಿಯವರು ಹೇಳಿದ್ದನ್ನು ನಂಬಿದೆ," ಎಂದರು ಸೆನ್ಸೇ ಬೆಂಚಿನ ಮೇಲೆ. "ನಾನೇನೂ ಬೈಯಲಿಲ್ಲ, ಬರೀ ಪ್ರಶ್ನೆ ಕೇಳಿದೆ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಉತ್ತರ ಯಾರಿಗೂ ಬೇಕಾಗಿರಲಿಲ್ಲ."

ಮನೆಗೆ ಬಂದು ಹೇಳಿದರೆ ನನ್ನ ಗಂಡ, "ಪಾಲಿಟಿಕ್ಸ್ ಎಲ್ಲಾ ಕಡೆ ಅಷ್ಟೇ ಕಣೇ, ಬಿಡು" ಎಂದರು. ನನಗೆ ಬಿಡಲಾಗಲಿಲ್ಲ. ಎದುರು ಪಕ್ಷದವರಿಗೆ ಮೈಕಿನಲ್ಲಿ ಒಳ್ಳೆಯದು ಹಾರೈಸಿದ ಬಾಯಿ, ತಮ್ಮದೇ ಪಕ್ಷದವಳ ಬಗ್ಗೆ ಇಂಥದ್ದು ಆಡಿತಲ್ಲ!

ಕ್ಷಮೆ ಕೇಳಲು ಹೋಗುವಾಗ ಸೆನ್ಸೇ ನನ್ನನ್ನೂ ಕರೆದರು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸೆನ್ಸೇ ಬಹಳ ಹೊತ್ತು ಬಗ್ಗಿಯೇ ನಿಂತರು. ಹೆಂಗಸು ಕೂಗಾಡಲಿಲ್ಲ.

"ನಿಮ್ಮ ಫೋನು ನಮ್ಮ ಚಿಕ್ಕಮ್ಮನಿಗೂ ಬಂದಿತ್ತು," ಎಂದಳು. "ಅವರು ನನ್ನನ್ನೇ ಕೇಳಿದರು, ನಿಜವೇನೇ ಅಂತ. ಆ ದನಿ ಯಾವತ್ತೂ ಸುಳ್ಳಾಡಿಲ್ಲವಲ್ಲ ಅಂದರು."

ಸೆನ್ಸೇ ಮತ್ತೆ ಬಗ್ಗಿದರು. ಹೆಂಗಸು ವಿನಯದಿಂದ ತಲೆಬಾಗಿ ಒಳಗೆ ಹೋದಳು.

ಕಾರ್ಯದರ್ಶಿಗೆ ಟಿಕೆಟ್ ಸಿಕ್ಕಿತು. ಆದರೆ ಆ ಸುಳ್ಳಿಗೆ ಸಿಟ್ಟಾಗಿ ಅರ್ಧ ಪಕ್ಷ ಮನೆಯಿಂದ ಹೊರಗೇ ಬರಲಿಲ್ಲವಾಗಿ ಚುನಾವಣೆಯಲ್ಲಿ ಅವನು ಸೋತ. ಡಬ್ಬಿ ಅಂಗಡಿಯವಳು ನಗರಸಭೆಗೂ ಮತ್ತೆ ನಿಲ್ಲಲಿಲ್ಲ. ಸೆನ್ಸೇ ಮತ್ತೆ ಮೈಕು ಹಿಡಿಯಲಿಲ್ಲ. ವಾರಕ್ಕೊಮ್ಮೆ ಆ ಅಂಗಡಿಗೆ ಹೋಗಿ ಡಬ್ಬಿಯೊಂದನ್ನು ಕೊಳ್ಳುತ್ತಿದ್ದರು. ಆಕೆ ಬೆಲೆ ಹೇಳುತ್ತಿದ್ದಳು, ಇವರು 'ಅರಿಗಾತೋ' ಎಂದು ಧನ್ಯವಾದ ಹೇಳುತ್ತಿದ್ದರು. ಅಷ್ಟೇ. ಪ್ರತಿ ಸಲವೂ ನನ್ನ ಬಳಿ, "ಮುಂದಿನ ವಾರ ಮಾತಾಡಿಸುತ್ತೇನೆ" ಎನ್ನುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸೆನ್ಸೇ ತೀರಿಕೊಂಡರು. ಕೊರೊನಾ ಕಾರಣ ಮನೆಯವರಷ್ಟೇ ಸೇರಿ ಸಂಸ್ಕಾರ ಮಾಡಿದರು. ನಾನು ಅವರ ಮನೆಯ ಗೇಟಿನ ಹೊರಗೆ ನಿಂತು ಕೈಮುಗಿದೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ನೋಡಿದರೆ ಡಬ್ಬಿ ಅಂಗಡಿಯ ಹೆಂಗಸು. ಏಪ್ರನ್ ಕೂಡ ಬಿಚ್ಚದೆ ಹಾಗೇ ಬಂದಿದ್ದಳು.

"ನನ್ನ ವಿಷಯ ಏನಾದರೂ ಹೇಳುತ್ತಿದ್ದರೇ?" ಎಂದಳು.

"ಮುಂದಿನ ವಾರ ನಿಮ್ಮನ್ನು ಮಾತಾಡಿಸುತ್ತೇನೆ ಅನ್ನುತ್ತಿದ್ದರು," ಎಂದೆ, ಸೆನ್ಸೇ ಕಲಿಸಿದ ಜಪಾನಿಯಲ್ಲಿ.

ಆಕೆ ಮುಚ್ಚಿದ ಬಾಗಿಲಿನ ಕಡೆ ತಿರುಗಿ ತಲೆಬಾಗಿದಳು.

"ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ," ಎಂದಳು.